ನಾಟಿ ಗದ್ದೆಯಲ್ಲಿ ಚಲನ ಸಂವೇದಕ: ದಿನದ ದುಡಿಮೆಯನ್ನು ಅಳೆದ ನನ್ನ ಅನುಭವ

ದೈಹಿಕ ಚಟುವಟಿಕೆಯನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ‘ಜಿಪ್ಯಾಕ್’ ಪ್ರಶ್ನಾವಳಿ ಬಹುಕಾಲದಿಂದ ಬಳಕೆಯಲ್ಲಿದೆ. ವಾರದಲ್ಲಿ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಶ್ರಮದ ಕೆಲಸ ಮಾಡುತ್ತೀರಿ ಎಂದು ಅದು ಕೇಳುತ್ತದೆ. ಕೊಟ್ಟಿಗೆ ಬಾಚಿ, ಹಾಲು ಕರೆದು, ಅಡುಗೆ ಮುಗಿಸಿ, ಬಿಸಿಲೇರುವ ಮುನ್ನ ಗದ್ದೆಗಿಳಿಯುವ ಹೆಣ್ಣುಮಗಳು ಇದಕ್ಕೆ ನಿಮಿಷಗಳ ಲೆಕ್ಕದಲ್ಲಿ ಉತ್ತರ ಕೊಡುವುದು ಕಷ್ಟ. ಆದ್ದರಿಂದ ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕೃಷಿ ಕೆಲಸ ಮಾಡುವ ಮಹಿಳೆಯರ ದುಡಿಮೆಯನ್ನು ಅಳೆಯಲು ನಾನು ಮೈಮೇಲೆ ಧರಿಸುವ ಸಂವೇದಕಗಳನ್ನು ಆರಿಸಿಕೊಂಡೆ.

ನಾನು ಬಳಸಿದ್ದು ಆಕ್ಸಿವಿಟಿ ಎಎಕ್ಸ್3 ಎಂಬ, ಕೇವಲ 11 ಗ್ರಾಂ ತೂಕದ ಸಾಧನ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಅಧ್ಯಯನವು 2013ರಿಂದ 2015ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ಮಣಿಕಟ್ಟಿಗೆ ಕಟ್ಟಿ ಏಳು ದಿನಗಳ ಚಲನೆಯನ್ನು ದಾಖಲಿಸಿದ್ದು ಇದರಿಂದಲೇ. ಮೂರು ಅಕ್ಷಗಳಲ್ಲಿನ ವೇಗೋತ್ಕರ್ಷವನ್ನು ಇದು ಸೆಕೆಂಡಿಗೆ 100 ಬಾರಿ ಗುರುತಿಸಿಕೊಳ್ಳುತ್ತದೆ. ಇದರಲ್ಲಿ ಪರದೆಯಿಲ್ಲ, ಜಿಪಿಎಸ್ ಇಲ್ಲ, ಮಾತು ಹಿಡಿಯುವ ಮೈಕ್ ಇಲ್ಲ. ಒಪ್ಪಿಗೆ ಪತ್ರ ಓದಿ ಹೇಳುವಾಗ ನಾನು ಬಹಳ ಹೊತ್ತು ವಿವರಿಸಿದ್ದು ಈ ಸಂಗತಿಯನ್ನೇ. ಎಲ್ಲವನ್ನೂ ಕೇಳಿಸಿಕೊಂಡ ಒಬ್ಬರು ಮಾತ್ರ, “ಕೆಸರಲ್ಲಿ ಕೆಟ್ಟೋದ್ರೆ ನಾವ್ ದುಡ್ ಕಟ್ಕೊಡ್ಬೇಕಾ ಮೇಡಂ?” ಎಂದು ಕೇಳಿದರು. ಒಪ್ಪಿಗೆ ಪತ್ರದಲ್ಲಿ ಮೊದಲೇ ಇರಬೇಕಾಗಿದ್ದ ಪ್ರಶ್ನೆಯದು. ಸಾಧನ ಹಾಳಾದರೂ ಕಳೆದರೂ ಧರಿಸಿದವರ ಮೇಲೆ ಹೊಣೆಯಿಲ್ಲ ಎಂಬ ಸಾಲನ್ನು ಅಂದೇ ಸೇರಿಸಿದೆವು.

ಎಲ್ಲಿ ಕಟ್ಟಬೇಕು ಎಂಬುದನ್ನು ನಿರ್ಧರಿಸಲು ನಾನು ಮೊದಲು ಬದುವಿನ ಮೇಲೆ ಕುಳಿತು ನಾಟಿಯನ್ನು ನೋಡಿದೆ. ಸಾಮಾನ್ಯ ಪದ್ಧತಿಯಂತೆ ಸಂವೇದಕವನ್ನು ಹೆಚ್ಚು ಬಳಸದ ಕೈಗೆ, ಅಂದರೆ ಬಹುತೇಕರಿಗೆ ಎಡಗೈಗೆ, ಕಟ್ಟುತ್ತಾರೆ. ಆದರೆ ನಾಟಿ ಹಾಕುವಾಗ ಎಡಗೈ ಪೈರಿನ ಕಟ್ಟನ್ನು ಹಿಡಿದುಕೊಂಡು ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಎರಡು ಮೂರು ಪೈರನ್ನು ಬಿಡಿಸಿಕೊಂಡು ಕೆಸರಿಗೆ ಊರುವ ಕೆಲಸವೆಲ್ಲ ಬಲಗೈಯದು. ಎಡಗೈಯೊಂದನ್ನೇ ನಂಬಿದರೆ ಇಡೀ ದಿನದ ನಾಟಿ ಹಗುರ ಚಟುವಟಿಕೆಯಾಗಿ ಕಾಣುವ ಸಂಭವವಿತ್ತು. ಹಾಗಾಗಿ ಎರಡೂ ಮಣಿಕಟ್ಟಿಗೆ ಒಂದೊಂದು, ದೇಹಭಂಗಿಯನ್ನು ತಿಳಿಯಲು ಬಲತೊಡೆಯ ಮುಂಭಾಗಕ್ಕೆ ಇನ್ನೊಂದು ಸಂವೇದಕವನ್ನು ಇಟ್ಟೆವು. ತೊಡೆಯದನ್ನು ಅಂಟುಪಟ್ಟಿಯಿಂದ ಹಚ್ಚಿಕೊಳ್ಳುವ ಬಗೆಯನ್ನು ಊರಿನ ಆಶಾ ಕಾರ್ಯಕರ್ತೆ ಹೇಳಿಕೊಟ್ಟರು.

ಮಾಹಿತಿಯನ್ನು ಸಂಸ್ಕರಿಸಲು, ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಉಚಿತವಾಗಿ ದೊರೆಯುವ ಜಿಜಿಐಆರ್ ಎಂಬ ತಂತ್ರಾಂಶವನ್ನು ಬಳಸಿದೆ. ಅಲುಗಾಡದೆ ಇರುವ ಸಂವೇದಕವೂ ಭೂಗುರುತ್ವದ 1 ಜಿಯನ್ನು ತೋರಿಸುತ್ತದೆ. ಆದ್ದರಿಂದ ತಂತ್ರಾಂಶವು ನಿಶ್ಚಲವಾಗಿದ್ದ ಕ್ಷಣಗಳನ್ನು ಹುಡುಕಿ ಪ್ರತಿ ಸಾಧನದ ಓದನ್ನು ತಿದ್ದುತ್ತದೆ. ಬಳಿಕ ಮೂರು ಅಕ್ಷಗಳ ಒಟ್ಟು ಪರಿಮಾಣದಿಂದ 1 ಜಿಯನ್ನು ಕಳೆದು, ಋಣ ಸಂಖ್ಯೆಗಳನ್ನು ಸೊನ್ನೆಯೆಂದು ಹಿಡಿದು, ಐದು ಸೆಕೆಂಡುಗಳ ಸರಾಸರಿಯನ್ನು ಮಿಲಿ-ಜಿಯಲ್ಲಿ, ಅಂದರೆ ಒಂದು ಜಿಯ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ಕೊಡುತ್ತದೆ. ಬಳೆ ತಾಗಿದಾಗ ಬರುವ ಕ್ಷಣಿಕ ಏರುಪೇರು ಈ ಸರಾಸರಿಯಲ್ಲಿ ಬಹುಮಟ್ಟಿಗೆ ಅಡಗಿಹೋಗುತ್ತದೆ. ಸ್ನಾನಕ್ಕೆ ಬಿಚ್ಚಿಟ್ಟದ್ದೂ ಬಸ್ಸಿನ ಕುಲುಕಾಟವೂ ಮಾತ್ರ ಬರೆದಿಟ್ಟ ದಿನಚರಿಯಿಲ್ಲದೆ ತಿಳಿಯುವಂತಿರಲಿಲ್ಲ. ಆ ದಿನಚರಿಯನ್ನು ನಾವು ಗಡಿಯಾರದ ಲೆಕ್ಕದಲ್ಲಿ ಕೇಳದೆ, ಹಾಲು ಡೇರಿಗೆ ಹೋಗುವ ಮುಂಚೆ, ಬುತ್ತಿ ಉಂಡ ಮೇಲೆ, ದನ ಹಟ್ಟಿಗೆ ಬಂದ ಮೇಲೆ ಎಂದು ಅವರದೇ ಹೊತ್ತುಗಳಲ್ಲಿ ಬರೆದುಕೊಂಡೆವು.

ವಯಸ್ಕರ ಮಣಿಕಟ್ಟಿನಲ್ಲಿ ಸುಮಾರು 100 ಮಿಲಿ-ಜಿ ದಾಟಿದರೆ ಮಧ್ಯಮ ಶ್ರಮ ಎನ್ನುವುದು ವ್ಯಾಪಕವಾಗಿ ಬಳಕೆಯಲ್ಲಿರುವ ಅಳತೆ. ಹಗುರ ಮತ್ತು ಮಧ್ಯಮ ಶ್ರಮವನ್ನು ಬೇರ್ಪಡಿಸುವ ಇಂಥ ಗೆರೆಗಳು ಹೆಚ್ಚಾಗಿ ನಡಿಗೆ, ಓಟದಂತಹ ಚಟುವಟಿಕೆಗಳಿಂದ ಬಂದವು. ನಮ್ಮ ಕೆಲಸಗಳಿಗೆ ಅದನ್ನು ಹಾಗೆಯೇ ಹಚ್ಚುವ ಮುನ್ನ, ಸಂವೇದಕ ಕಟ್ಟಿಕೊಂಡು ಗೊತ್ತಾದ ಕೆಲಸಗಳನ್ನು ತಲಾ ಐದು ನಿಮಿಷ ಮಾಡಲು ಕೆಲವರನ್ನು ಕೇಳಿಕೊಂಡೆ. ಮುದ್ದೆ ಕೋಲು ಹಿಡಿದು ಹಿಟ್ಟು ತೊಳಸುವಾಗ ಮಣಿಕಟ್ಟಿನ ಓದು ಎತ್ತರಕ್ಕೇರಿತು. ಅದೇ ಮಹಿಳೆ ಹುಲ್ಲಿನ ಹೊರೆಯನ್ನು ತಲೆಯ ಮೇಲಿಟ್ಟು, ಒಂದು ಕೈಯಲ್ಲಿ ಅದನ್ನು ಹಿಡಿದು ನಡೆದಾಗ ಆ ಕೈಯ ಬೀಸು ನಿಂತು, ಬರಿಗೈಯಲ್ಲಿ ನಡೆದದ್ದಕ್ಕಿಂತ ಕಡಿಮೆ ಓದು ಬಂತು. ಹೊರೆಯ ಭಾರವನ್ನು ಸಂವೇದಕ ಕಾಣಲಾರದು. ಅದು ಕಾಣುವುದು ಅಲುಗಾಟವನ್ನಷ್ಟೇ. ರಾಗಿ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕಳೆ ಕೀಳುವಾಗ ತೊಡೆ ಅಡ್ಡವಾಗುವುದರಿಂದ ತೊಡೆಯ ಸಂವೇದಕ ಅದನ್ನು ಆರಾಮವಾಗಿ ಕುಳಿತ ಹೊತ್ತಿಗೆ ಸೇರಿಸಿತು. ಸೊಂಟ ಬಗ್ಗಿಸಿ ನಾಟಿ ಹಾಕಿದ್ದಂತೂ ಬರೀ ‘ನಿಂತಿದ್ದು’ ಎಂದು ದಾಖಲಾಯಿತು.

ಇಂಥ ಹೊತ್ತುಗಳಿಗೆ ನಾನು ಸಂಖ್ಯೆಯನ್ನು ತಿದ್ದಲು ಹೋಗಲಿಲ್ಲ. ದಿನಚರಿಯಲ್ಲಿ ನಾಟಿ, ಕಳೆ, ಹೊರೆ ಎಂದಿರುವ ಅವಧಿಗಳನ್ನು ಬೇರ್ಪಡಿಸಿ ಪ್ರತ್ಯೇಕ ಕೋಷ್ಟಕದಲ್ಲಿ ಕೊಟ್ಟೆ. ಉಳಿದ ಹೊತ್ತಿನಲ್ಲಿ, ನೀರು ಹೊರುವುದು, ಅಂಗಳ ಗುಡಿಸುವುದು ಮುಂತಾದ ಚಿಕ್ಕ ಚಿಕ್ಕ ಕೆಲಸಗಳನ್ನೂ ಲೆಕ್ಕಕ್ಕೆ ಹಿಡಿದೆ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸುವ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ, ಒಮ್ಮೆಗೆ ಕನಿಷ್ಠ 10 ನಿಮಿಷ ಇರಬೇಕೆಂಬ ಹಳೆಯ ನಿಬಂಧನೆ ಈಗಿಲ್ಲದಿರುವುದೇ ಇದಕ್ಕೆ ಕಾರಣ. ವರದಿಯ ಪ್ರತಿ ಕೋಷ್ಟಕದ ಕೆಳಗೂ ಸಂವೇದಕ ಯಾವ ಕೈಯಲ್ಲಿತ್ತು, ಯಾವ ಗೆರೆಯನ್ನು ಬಳಸಿದೆ, ಧರಿಸದ ಹೊತ್ತನ್ನು ಹೇಗೆ ಗುರುತಿಸಿದೆ ಎಂಬುದನ್ನು ಬರೆದಿದ್ದೇನೆ.