ಜುಲೈ ತಿಂಗಳಲ್ಲಿ ಜಾಗ ತೋರಿಸಿದ್ದು

ಮಡಿಕೇರಿಯಲ್ಲಿ ಜಾಗ ಮಾರುವವರು ಡಿಸೆಂಬರ್‌ಗೆ ಕಾಯುತ್ತಾರೆ. ಆಗ ಆಕಾಶ ತೊಳೆದಿಟ್ಟಂತಿರುತ್ತದೆ, ತೋಟಗಳಲ್ಲಿ ಕಾಫಿ ಕೆಂಪಾಗಿರುತ್ತದೆ, ಬೆಂಗಳೂರಿನಿಂದ ಬಂದವರಿಗೆ ಬೆಳಗಿನ ಮಂಜು ಕಂಡರೆ ಅರ್ಧ ವ್ಯಾಪಾರ ಮುಗಿದಂತೆ. ನಾನು ನಮ್ಮ ಜಾಗವನ್ನು ತೋರಿಸಿದ್ದು 2024ರ ಜುಲೈನಲ್ಲಿ. ದಲ್ಲಾಳಿ ತಲೆಯ ಮೇಲೆ ಕೈ ಹೊತ್ತರು. "ಟೀಚರ್, ಮದುವೆ ಹೆಣ್ಣನ್ನು ಜ್ವರ ಬಂದ ದಿನ ಯಾರಾದರೂ ತೋರಿಸುತ್ತಾರೆಯೇ?" ಎಂದರು. ಜ್ವರ ಬರುವ ಹೆಣ್ಣು ಹೌದೋ ಅಲ್ಲವೋ ಎಂದು ತಿಳಿಯಬೇಕಾದದ್ದೇ ಆ ದಿನ ಅಲ್ಲವೇ ಎಂದು ನಾನು ಕೇಳಿದೆ. ಅವರು ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ಜಾಗ ಮಹದೇವಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರ. ದಾಖಲೆಯಲ್ಲಿ 22 ಸೆಂಟ್, ಅಂದರೆ ಕಾಲೆಕರೆಗೆ ತುಸು ಕಡಿಮೆ. ಮುಂದೆ ರಸ್ತೆ, ಹಿಂದೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಸಣ್ಣ ತೋಡು, ಅಂದರೆ ಹಳ್ಳ. ಅಪ್ಪ 1978ರಲ್ಲಿ ಕೊಂಡದ್ದು. ಒಂದು ಹೆಂಚಿನ ಮನೆ, ಒಂದು ಹಲಸಿನ ಮರ, ಎರಡು ಸಿಲ್ವರ್ ಓಕ್, ಹಿಂದೆ ಅಪ್ಪನೇ ನಿಂತು ಕಟ್ಟಿಸಿದ ಕಲ್ಲಿನ ತಡೆಗೋಡೆ. 2018ರ ಫೆಬ್ರವರಿಯಲ್ಲಿ ಅವರು ಅಲ್ಲಿ ಹದಿನಾರು ಮನೆಗಳ ವಸತಿ ಸಮುಚ್ಚಯಕ್ಕೆ ನಕ್ಷೆ ಮಂಜೂರು ಮಾಡಿಸಿಕೊಂಡಿದ್ದರು. ತಳದಲ್ಲಿ ವಾಹನ ನಿಲುಗಡೆ, ಮೇಲೆ ನಾಲ್ಕು ಮಹಡಿ. ಬೆಂಗಳೂರಿನವರಿಗೆ ಇದು ಎತ್ತರವೇ ಅಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರವೂ 15 ಮೀಟರ್ ಮುಟ್ಟಿದರೆ ಮಾತ್ರ ಎತ್ತರದ ಕಟ್ಟಡ. ನಮ್ಮ ಎಂಜಿನಿಯರ್ ಜಾಣತನದಿಂದ 14.6ಕ್ಕೆ ನಿಲ್ಲಿಸಿದ್ದರು. ಆದರೆ ಮಡಿಕೇರಿಯ ಗುಡ್ಡದ ಮೇಲೆ ಈ ಲೆಕ್ಕವೇ ಬೇರೆ. ರಸ್ತೆಯಿಂದ ನೋಡಿದರೆ ಸಾಧಾರಣ ಕಟ್ಟಡ, ತೋಡಿನ ಕಡೆಯಿಂದ ಕತ್ತೆತ್ತಿದರೆ ಗೋಪುರ. 14.6 ಮೀಟರ್ ಎಲ್ಲಿಂದ ಅಳೆದದ್ದು ಎಂಬ ಪ್ರಶ್ನೆ, ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಹೊಳೆಯಲಿಲ್ಲ. ಜಾಗ ನೋಡಲು ಬಂದ ವಾಸ್ತುಶಿಲ್ಪಿಯೊಬ್ಬರು ಕೇಳಿದಾಗ ನಾಚಿಕೆಯಾಯಿತು.

ನಕ್ಷೆ ಮಂಜೂರಾದ ಆರೇ ತಿಂಗಳಿಗೆ ಆಗಸ್ಟ್ ಬಂತು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದು, ಪಟ್ಟಣದೊಳಗೇ ಇಂದಿರಾನಗರ, ಚಾಮುಂಡೇಶ್ವರಿ ನಗರದ ಮನೆಗಳು ಜಾರಿದ್ದು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಇಳಿಜಾರನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದೂ ಕಾರಣ ಎಂದು ಆಮೇಲೆ ಭೂವಿಜ್ಞಾನಿಗಳು ಹೇಳಿದರು. ನಮ್ಮ ಜಾಗದಲ್ಲಿ ಒಂದು ಬಿರುಕೂ ಬಿಡಲಿಲ್ಲ. ಆದರೂ ಅಪ್ಪ ನಕ್ಷೆಯನ್ನು ಸುರುಳಿ ಸುತ್ತಿ ಟ್ರಂಕಿನಲ್ಲಿಟ್ಟರು. ಪರವಾನಗಿಯನ್ನು ಮಾತ್ರ ನವೀಕರಿಸುತ್ತಿದ್ದರು. "ಕಟ್ಟುವುದಿಲ್ಲ, ಕಾಗದ ಸಾಯಬಾರದು" ಎನ್ನುತ್ತಿದ್ದರು. 2022ರಲ್ಲಿ ಅವರೇ ಹೋದರು. ಉಳಿದವರು ನಾವು ಮೂವರು: ಮೈಸೂರಿನಲ್ಲಿ ಅಣ್ಣ, ಮಡಿಕೇರಿಯಲ್ಲಿ ನಾನು, ದುಬೈನಲ್ಲಿ ತಮ್ಮ. ಕಟ್ಟುವ ಧೈರ್ಯ ಮೂವರಿಗೂ ಇರಲಿಲ್ಲ. ಮಾರುವುದು ಎಂದಾಯಿತು.

ಮೊದಲಿಗೆ ನಾನು ಸೆಂಟಿಗೆ ಇಷ್ಟು ಎಂದು ಬೆಲೆ ಕಟ್ಟಿ ಕುಳಿತಿದ್ದೆ. ಪಕ್ಕದ ಬೀದಿಯಲ್ಲಿ ಮನೆ ಕಟ್ಟುವ ಜಾಗಕ್ಕೆ ಬಂದ ಬೆಲೆ, ಅದರ ಮೇಲೆ ನಕ್ಷೆಯ ಮಂಜೂರಾತಿಗೆ ಒಂದಿಷ್ಟು. ಬಿಲ್ಡರ್‌ಗಳು ಸೆಂಟಿನ ಲೆಕ್ಕದಲ್ಲಿ ಯೋಚಿಸುವುದೇ ಇಲ್ಲ ಎಂಬುದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಅವರು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತಾರೆ. ಹದಿನಾರು ಮನೆ, ಒಂದೊಂದು 1,100 ಚದರ ಅಡಿ, ಒಟ್ಟು 17,600. ಇದನ್ನು ಮಾರಿದರೆ ಎಷ್ಟು ಬರುತ್ತದೆ ಎಂದು ಮೊದಲು ಬರೆಯುತ್ತಾರೆ. ಅದರಿಂದ ಕಟ್ಟುವ ಖರ್ಚು, ಬಡ್ಡಿ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಿಂದ ಹಿಡಿದು ಜಾಹೀರಾತಿನವರೆಗಿನ ವೆಚ್ಚ, ತಮ್ಮ ಲಾಭ ಎಲ್ಲ ಕಳೆಯುತ್ತಾರೆ. ಕೊನೆಗೆ ಉಳಿದದ್ದು ಜಾಗದ ಬೆಲೆ. ನಾನೂ ನೋಟ್‌ಬುಕ್ ತೆಗೆದು ಹಾಗೆಯೇ ಮಾಡಿ ನೋಡಿದೆ. ಮೈಸೂರಿನ ಸಮತಟ್ಟಾದ ಜಾಗಕ್ಕೆ ಇಲ್ಲದ ಒಂದು ಸಾಲು ನಮ್ಮ ಲೆಕ್ಕದಲ್ಲಿ ಎಲ್ಲವನ್ನೂ ನುಂಗುತ್ತಿತ್ತು: ಹಿಂಬದಿಯ ಕಾಂಕ್ರೀಟ್ ತಡೆಗೋಡೆ ಮತ್ತು ಅಡಿಪಾಯ. ಅದಕ್ಕೆ ಎಷ್ಟು ಎಂದು ಗೊತ್ತಿಲ್ಲದವನು ಭಯದಿಂದ ಎರಡು ಪಟ್ಟು ಬರೆದುಕೊಳ್ಳುತ್ತಾನೆ, ಆ ಭಯದ ಹಣ ಹೋಗುವುದು ಮಾರುವವರ ಜೇಬಿನಿಂದ. ಮಂಜೂರಾದ ನಕ್ಷೆಯ ಬೆಲೆಯೂ ಇಷ್ಟೇ: ಅದು ಕೊಳ್ಳುವವನಿಗೆ ಒಂದೆರಡು ವರ್ಷದ ಓಡಾಟ ಮತ್ತು ಬಡ್ಡಿಯನ್ನು ಉಳಿಸುತ್ತದೆ. ನಕ್ಷೆಗೆ ಜೀವವಿದ್ದರೆ.

ಜುಲೈನಲ್ಲಿ ಕರೆಯೋಣ ಎಂದು ಅನ್ನಿಸಿದ್ದು ಈ ಲೆಕ್ಕ ಹಾಕಿದ ಮೇಲೆ. ನಲವತ್ತು ಮಳೆಗಾಲ ಆ ಮನೆಯಲ್ಲಿ ಕಂಡವಳು ನಾನು. ರಸ್ತೆಯ ನೀರು ಗೇಟಿನ ಎಡಕ್ಕೆ ತಿರುಗುತ್ತದೆ, ಮಾಡಿನ ನೀರು ಹಲಸಿನ ಬುಡದಿಂದ ಇಳಿಯುತ್ತದೆ, ತಡೆಗೋಡೆಯಲ್ಲಿ ಅಪ್ಪ ಬಿಡಿಸಿದ್ದ ಹನ್ನೊಂದು ರಂಧ್ರಗಳಿಂದ ಹನ್ನೊಂದು ಧಾರೆ ತಿಳಿನೀರು ಬರುತ್ತದೆ. ಕೆಸರು ನೀರು ಬಂದರೆ ಹಿಂದಿನ ಮಣ್ಣು ಕರಗುತ್ತಿದೆ ಎಂದರ್ಥ, ಏನೂ ಬಾರದಿದ್ದರೆ ಇನ್ನೂ ಕೆಟ್ಟದ್ದು, ನೀರು ಒಳಗೇ ನಿಂತು ಗೋಡೆಯನ್ನು ತಳ್ಳುತ್ತಿದೆ ಎಂದರ್ಥ. ಇದನ್ನು ಡಿಸೆಂಬರಿನಲ್ಲಿ ಯಾರಿಗೆ ತೋರಿಸಲಿ?

ಇಬ್ಬರು ಬಂದರು. ಬೆಂಗಳೂರಿನವರೊಬ್ಬರು, ಮೈಸೂರಿನ ಬಿಲ್ಡರ್ ಒಬ್ಬರು. ಬೆಂಗಳೂರಿನವರಿಗೆ ಜಾಗ ಹಿಡಿಸಿತು, ಅವರ ವಕೀಲರಿಗೆ ಕಾಗದ ಹಿಡಿಸಲಿಲ್ಲ. ಕೊಡಗು ಎಂದ ಕೂಡಲೇ ವಕೀಲರು ಜಮ್ಮಾ ಜಾಗವೇ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯೇ ಎಂದು ಕೇಳಿದರು. ಪಹಣಿಯಲ್ಲಿ ಕುಟುಂಬದ ಹತ್ತಾರು ಹೆಸರಿದ್ದು ಯಾರು ಸಹಿ ಮಾಡಬೇಕೆಂದೇ ತಿಳಿಯದ ಪ್ರಕರಣಗಳನ್ನು ಅವರು ನೋಡಿದ್ದರಂತೆ. ನಮ್ಮದು ಸಾಗು ಎಂಬ ಸಾಮಾನ್ಯ ಕಂದಾಯ ಹಿಡುವಳಿ, ಭೂ ಪರಿವರ್ತನೆಯಾದದ್ದು, ಮರದ ಬೆಲೆಯೂ ಸರ್ಕಾರಕ್ಕೆ ಸಂದಾಯವಾದದ್ದು ಎಂದು ಹಳೆಯ ಆದೇಶಗಳನ್ನೆಲ್ಲ ಹೊರಗೆ ತೆಗೆದೆ. ಇನ್ನೊಂದು ತಮಾಷೆ: ನಕ್ಷೆಯ ಮೇಲೆ ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರದ ಮೊಹರು. ಮೊಟಕಾಗಿ ಅದೂ ಮುಡಾ. ಆ ತಿಂಗಳು ನಿವೇಶನ ಹಂಚಿಕೆಯ ವಿವಾದದಿಂದ ಮೈಸೂರಿನ ಮುಡಾ ದಿನಪತ್ರಿಕೆಗಳ ಮುಖಪುಟದಿಂದ ಇಳಿದೇ ಇರಲಿಲ್ಲ. ಇದು ಆ ಮುಡಾ ಅಲ್ಲ ಎಂದು ಅವರಿಗೆ ಎರಡು ಸಲ ಹೇಳಬೇಕಾಯಿತು.

ಆಮೇಲೆ ಒಂದೇ ವಾರದಲ್ಲಿ ಎರಡು ಹೊಡೆತ. ಜುಲೈ 23ರಂದು ಕೇಂದ್ರ ಬಜೆಟ್ಟಿನಲ್ಲಿ ಆಸ್ತಿ ಮಾರಾಟದ ಲಾಭದ ತೆರಿಗೆ ಬದಲಾಯಿತು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಅಂದು ಶಾಲೆಗೆ ರಜೆ, ಟಿ.ವಿ. ಮುಂದೆ ಕುಳಿತಿದ್ದೆ. ಮಧ್ಯಾಹ್ನ ಬೆಂಗಳೂರಿನವರ ಫೋನ್ ಬಂತು. ಅವರು ಮಾತು ಮುಗಿಸುವ ಮೊದಲೇ ನಾನು "ಅರ್ಥವಾಗುತ್ತದೆ" ಎಂದೆ. ಬೆಟ್ಟದ ಊರಿನಲ್ಲಿ ಜಾಗ ಮಾರುತ್ತಿದ್ದೇನೆಂಬ ಮುಜುಗರ ಆ ದಿನ ಬಂದದ್ದು ಪೂರ್ತಿ ಹೋಗಲೇ ಇಲ್ಲ. ಚಿಕ್ಕಪ್ಪ ಬೇರೆ, "ಕೊಡಗಿಗೆ ಮಹಡಿ ಮೇಲೆ ಮಹಡಿ ಬೇಕೇನಮ್ಮಾ? ಹತ್ತು ತಿಂಗಳು ಬೀಗ ಹಾಕಿಡುವ ಮನೆಗಳು" ಎಂದರು. ತೋಟದಲ್ಲಿ ಒಂಟಿಯಾಗಿರಲಾರದೆ ಪಟ್ಟಣಕ್ಕೆ ಬರುವ ವಯಸ್ಸಾದವರೂ ಇದ್ದಾರೆ ಎಂದೆ. ಅದು ನಿಜ. ಚಿಕ್ಕಪ್ಪ ಹೇಳಿದ್ದೂ ನಿಜ.

ಮೈಸೂರಿನವರು ಮಾತ್ರ ಬಿಡಲಿಲ್ಲ. ಅವರು ಕೇಳಿದ್ದು ಒಂದೇ: ಮಣ್ಣಿನ ಪರೀಕ್ಷೆ. ಸಾಮಾನ್ಯವಾಗಿ ಇದು ಕೊಳ್ಳುವವರ ಖರ್ಚು. ನಾನೇ ಮಾಡಿಸುತ್ತೇನೆ ಎಂದೆ, ಅಣ್ಣ ಬೈದ. ವರದಿ ಕೆಟ್ಟದ್ದು ಬಂದರೆ ನಮ್ಮ ಹಣದಿಂದಲೇ ನಮ್ಮ ಬೆಲೆ ಇಳಿಸಿಕೊಂಡಂತೆ ಎಂಬುದು ಅವನ ವಾದ. ಸೆಪ್ಟೆಂಬರಿನಲ್ಲಿ, ನೆಲ ನೀರು ಕುಡಿದು ತುಂಬಿದ್ದಾಗಲೇ, ಮೂರು ಕಡೆ ಬೋರ್ ಹಾಕಿಸಿದೆ. ಪರೀಕ್ಷೆ ನೋಡಲು ಬಲು ಸರಳ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ನಾನೂ ಕೊಡೆ ಹಿಡಿದು ಎಣಿಸಿದೆ. ಮೂರು ಮೀಟರ್ ಆಳದಲ್ಲಿ ಏಳು ಪೆಟ್ಟು, ಒಂಬತ್ತರಲ್ಲಿ ಇಪ್ಪತ್ತೆರಡು, ಹನ್ನೆರಡು ದಾಟಿದ ಮೇಲೆ ಐವತ್ತಕ್ಕೂ ಇಳಿಯಲಿಲ್ಲ. ನೀರು ಸಿಕ್ಕಿದ್ದು 2.4 ಮೀಟರಿನಲ್ಲಿ. ಮೇಲೆ ಬೆಣ್ಣೆ, ಕೆಳಗೆ ಕಲ್ಲು. ಎಂಜಿನಿಯರ್ ವರದಿಯ ಸಾರ: ಕಟ್ಟಬಹುದು, ಆದರೆ ಅಡಿಪಾಯ ಆಳಕ್ಕೆ ಹೋಗಬೇಕು, ಇಳಿಜಾರನ್ನು ಒಂದೇ ಏಟಿಗೆ ಕಡಿಯಬಾರದು, ಭಾರ ಕಡಿಮೆಯಾದಷ್ಟೂ ಒಳ್ಳೆಯದು.

ಅದೇ ಹೊತ್ತಿಗೆ ಪರವಾನಗಿ ನವೀಕರಣಕ್ಕೆ ಹೋದರೆ ಕಚೇರಿಯಲ್ಲಿಯೂ ಮೊದಲು ಕೇಳಿದ್ದು ಹೊಸ ಮಣ್ಣಿನ ವರದಿಯನ್ನೇ. ಅಪ್ಪನ ನಕ್ಷೆ ಮಹಾಮಳೆಗಿಂತ ಮೊದಲಿನದು. ನಾನು ಕಿರೀಟ ಎಂದುಕೊಂಡದ್ದು ಪ್ರಶ್ನೆಪತ್ರಿಕೆಯಾಗಿತ್ತು. ಸಾಲದ್ದಕ್ಕೆ ಗಡಿ ಗುರುತಿಸುವ ಹದ್ದುಬಸ್ತು ಅಳತೆ ಮಾಡಿಸಿದಾಗ ಹಿಂಬದಿಯ ಒಂದೂವರೆ ಸೆಂಟ್ ತೋಡಿಗೆ ಸೇರಿದ್ದೆಂದು ತೇಲಿತು. ಕೈಗೆ ಉಳಿದದ್ದು 20.5 ಸೆಂಟ್. ನಕ್ಷೆಯಲ್ಲಿ ಹಿಂದೆ ಬಿಟ್ಟಿದ್ದ ಖಾಲಿ ಜಾಗವೇ ಅಷ್ಟರಮಟ್ಟಿಗೆ ಸವೆಯಿತು. ಮಾರುವ ಮೊದಲು ಅಳತೆ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಬೆಲೆ ಹೇಳಿದ ಮೇಲೆ ಮಾಡಿಸಿದೆ. ಇದು ನನ್ನದೇ ತಪ್ಪು.

ಚೌಕಾಸಿ ನಡೆದದ್ದು ನಮ್ಮ ಊಟದ ಮೇಜಿನ ಮೇಲೆ. ಅವರು ಒಂದು ಮಹಡಿ ಕೈಬಿಟ್ಟು ನಕ್ಷೆ ತಿದ್ದಿಸುತ್ತೇನೆ, ಹನ್ನೆರಡೇ ಮನೆ ಎಂದರು. 17,600 ಚದರ ಅಡಿ 13,200ಕ್ಕೆ ಇಳಿಯಿತು, ಕಾಲು ಭಾಗ ಹೋಯಿತು. ಹಾಗಾದರೆ ಬೆಲೆಯೂ ಕಾಲು ಭಾಗ ಕಡಿಮೆ ಎಂದರು. ಇಲ್ಲಿ ನನ್ನ ನೋಟ್‌ಬುಕ್ ಕೆಲಸಕ್ಕೆ ಬಂತು. ಮಹಡಿ ಕಡಿಮೆಯಾದರೆ ಕಟ್ಟುವ ಖರ್ಚೂ ಕಡಿಮೆ, ಅಡಿಪಾಯ ಹಗುರ, ತಡೆಗೋಡೆಯ ಖರ್ಚು ಈಗ ಊಹೆಯಲ್ಲ, ವರದಿಯಲ್ಲಿದೆ. ನಿಮ್ಮ ಭಯದ ಸಾಲನ್ನು ಹೊಡೆದುಹಾಕಿ ಆಮೇಲೆ ಕಳೆಯಿರಿ ಎಂದೆ. ಅವರು ನಕ್ಕರು, ಅವರ ಲೆಕ್ಕಿಗ ನಗಲಿಲ್ಲ. ಜಂಟಿ ಅಭಿವೃದ್ಧಿ ಮಾಡೋಣ, ನಿಮಗೆ ನಾಲ್ಕು ಮನೆ ಕೊಡುತ್ತೇನೆ ಎಂಬ ಮಾತೂ ಬಂತು. ಮೂವರು ಒಡಹುಟ್ಟಿದವರಿಗೆ ನಾಲ್ಕು ಮನೆ ಎಂದರೆ ಜಗಳದ ಬೀಜ, ಬೇಡ ಎಂದೆ. ಅಂತಿಮವಾಗಿ ನಾನು ಮೊದಲು ಕೇಳಿದ್ದಕ್ಕಿಂತ ಕಡಿಮೆಗೆ, ದಲ್ಲಾಳಿ ಹೇಳಿದ್ದಕ್ಕಿಂತ ಹೆಚ್ಚಿಗೆ ಕುದುರಿತು. ಮೊತ್ತ ಬರೆಯುವುದಿಲ್ಲ, ನೆಂಟರೂ ಓದುತ್ತಾರೆ.

ಕಾಗದದ ಓಡಾಟದಲ್ಲಿ ಹೆಚ್ಚು ದಿನ ತಿಂದದ್ದು ದುಬೈನ ತಮ್ಮ. ಅವನ ಅಧಿಕಾರ ಪತ್ರ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣವಾಗಿ ಬರಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ತೆರಿಗೆಯಲ್ಲಿ ಅವನ ದಾರಿಯೇ ಬೇರೆ. ಅಣ್ಣನ ಮತ್ತು ನನ್ನ ಪಾಲಿನಿಂದ ಕೊಳ್ಳುವವರು ಶೇ. 1 ಮಾತ್ರ ಹಿಡಿದು ಕಟ್ಟಿದರೆ ಸಾಕು, ಒಬ್ಬೊಬ್ಬರಿಗೆ ಪ್ರತ್ಯೇಕ ನಮೂನೆ. ಅನಿವಾಸಿಯಾದ ತಮ್ಮನ ಪಾಲಿನಿಂದ ದೊಡ್ಡ ಮೊತ್ತವೇ ಮುರಿಯಬೇಕಾಗುತ್ತಿತ್ತು. ಕಡಿಮೆ ದರದಲ್ಲಿ ಹಿಡಿಯುವಂತೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ತರಿಸಿದೆವು. ಬಜೆಟ್ಟಿನ ಬದಲಾವಣೆಗೆ ಗಲಾಟೆಯಾಗಿ ಆಗಸ್ಟ್‌ನಲ್ಲಿ ಸರ್ಕಾರ ಒಂದು ಆಯ್ಕೆ ಕೊಟ್ಟಿತ್ತು: ಹಳೆಯ ಆಸ್ತಿಗೆ, ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವ ಸೂಚ್ಯಂಕವಿಲ್ಲದೆ ಶೇ. 12.5, ಇಲ್ಲವೇ ಸೂಚ್ಯಂಕದೊಂದಿಗೆ ಶೇ. 20, ಯಾವುದು ಕಡಿಮೆಯೋ ಅದು. ಆದರೆ ಈ ಆಯ್ಕೆ ನಿವಾಸಿಗಳಿಗೆ ಮಾತ್ರ. ಒಂದೇ ಅಪ್ಪನ ಒಂದೇ ಜಾಗ, ಮೂವರು ಮಕ್ಕಳು, ಎರಡು ಲೆಕ್ಕ. 1978ರ ಖರೀದಿಯಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಆಧಾರವಾಗಿ ಹಿಡಿಯಬಹುದು. ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು, ಅದು ಅಂದಿನ ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಮೀರುವಂತಿಲ್ಲ.

ಉಳಿದದ್ದು ಎಲ್ಲರಿಗೂ ಇರುವ ಪಾಡು. ತೀರಿಕೊಂಡ ಅಪ್ಪನ ಹೆಸರಿನಿಂದ ಮೂವರ ಹೆಸರಿಗೆ ಪೌತಿ ಖಾತೆ, ಆಮೇಲೆ ಇ-ಖಾತೆ. ಋಣಭಾರ ಪತ್ರ 2004ರ ನಂತರದ್ದು ಆನ್‌ಲೈನಿನಲ್ಲಿ ಸಿಕ್ಕಿತು, ಹಿಂದಿನದಕ್ಕೆ ಕೈಬರಹದ ಪುಸ್ತಕ ಹುಡುಕಿಸಬೇಕಾಯಿತು. 2025ರ ಫೆಬ್ರವರಿಯಲ್ಲಿ ಕ್ರಯಪತ್ರ ನೋಂದಣಿಯಾಯಿತು. ನೋಂದಣಿ ಶುಲ್ಕ ಆಗ ಶೇ. 1, ಅದೇ ವರ್ಷದ ಆಗಸ್ಟ್ ಕೊನೆಗೆ ಶೇ. 2 ಆಯಿತು. ಕೊಟ್ಟವರು ಅವರು, ಹೊಟ್ಟೆ ತಣ್ಣಗಾದದ್ದು ನನಗೆ, ಏಕೆಂದರೆ ಇನ್ನೂ ಆರು ತಿಂಗಳು ಎಳೆದಿದ್ದರೆ ಅದನ್ನೂ ಬೆಲೆಯಲ್ಲಿ ಮುರಿಯುತ್ತಿದ್ದರು. ಮೂರು ಡಿ.ಡಿ.ಗಳನ್ನು ಕೈಗೆ ಕೊಟ್ಟಾಗ ಅಣ್ಣ ಏನೂ ಹೇಳದೆ ಮಣ್ಣಿನ ಪರೀಕ್ಷೆಯ ಖರ್ಚಿನ ತನ್ನ ಪಾಲನ್ನು ಮೊಬೈಲಿನಲ್ಲಿ ನನಗೆ ಕಳುಹಿಸಿದ.

ಹೆಂಚಿನ ಮನೆಯನ್ನು ಮಾರ್ಚ್‌ನಲ್ಲಿ ಕೆಡವಿದರು. ಗುಡ್ಡವನ್ನು ಮಳೆ ಮುಗಿಯುವವರೆಗೆ ಮುಟ್ಟಲಿಲ್ಲ. ಜುಲೈನ ಒಂದು ಸಂಜೆ ಮೈಸೂರಿನಿಂದ ಫೋನ್ ಬಂತು. ಕಾವಲುಗಾರ ಗೋಡೆಯ ಫೋಟೊ ಕಳುಹಿಸಿದ್ದಾನೆ, ಹತ್ತು ರಂಧ್ರಗಳಲ್ಲಿ ಮಾತ್ರ ನೀರು ಬರುತ್ತಿದೆ, ನಿಮ್ಮ ತಂದೆಯವರ ಕಾಲದಲ್ಲಿಯೂ ಹೀಗೆಯೇ ಇತ್ತೇ ಎಂದು ಕೇಳಿದರು. ಎಡದಿಂದ ನಾಲ್ಕನೆಯದೇ ಎಂದೆ. ಹೌದು ಎಂದರು. ಅಲ್ಲಿ ಪ್ರತಿ ವರ್ಷ ಹಲಸಿನ ಎಲೆ ಸಿಕ್ಕಿಕೊಳ್ಳುತ್ತದೆ, ಉದ್ದದ ಕಬ್ಬಿಣದ ಸರಳು ತೂರಿಸಿ ಕೆದಕಲು ಹೇಳಿ ಎಂದೆ.