ಪೇಟೆಂಟ್ ಹರಾಜಿನ ಸುದ್ದಿಯನ್ನು ಓದುವುದು ಹೇಗೆ?

ದಿವಾಳಿಯೆದ್ದ ಕಂಪನಿಯ ಪೇಟೆಂಟ್‌ಗಳು ಹರಾಜಾದಾಗ ಸುದ್ದಿಯ ತಲೆಬರಹದಲ್ಲಿ ಮೊತ್ತವೇ ರಾರಾಜಿಸುತ್ತದೆ. ಅದನ್ನು ಪಕ್ಕಕ್ಕಿಡಿ. ಕೊಂಡವರು ಯಾರು, ಯಾರ ವಿರುದ್ಧ ಬಳಸಬಲ್ಲರು ಎಂಬುದೇ ಮುಖ್ಯ.

ಮೊದಲು, ಕೈಜೋಡಿಸಿದವರ ಪಟ್ಟಿ ನೋಡಿ. ಕೆನಡಾದ ದೂರಸಂಪರ್ಕ ಉಪಕರಣ ಕಂಪನಿ ನಾರ್ಟೆಲ್ 2009ರಲ್ಲಿ ದಿವಾಳಿ ರಕ್ಷಣೆ ಕೋರಿತು. ಅದರ ಸುಮಾರು 6,000 ಪೇಟೆಂಟ್ ಹಾಗೂ ಅರ್ಜಿಗಳಿಗೆ 2011ರ ಏಪ್ರಿಲ್‌ನಲ್ಲಿ ಗೂಗಲ್ 90 ಕೋಟಿ ಡಾಲರ್‌ನ ಮೊದಲ ಕೂಗು ಹಾಕಿತು. ಜೂನ್ ಅಂತ್ಯದ ಹರಾಜಿನಲ್ಲಿ 450 ಕೋಟಿ ಡಾಲರ್ ಕೂಗಿ ಗೆದ್ದದ್ದು ಆಪಲ್, ಮೈಕ್ರೋಸಾಫ್ಟ್, ಬ್ಲ್ಯಾಕ್‌ಬೆರಿ ತಯಾರಿಸುತ್ತಿದ್ದ ಆರ್‌ಐಎಂ, ಎರಿಕ್ಸನ್, ಸೋನಿ, ಇಎಂಸಿ ಸೇರಿದ ಒಕ್ಕೂಟ. ಖರ್ಚು ಹಂಚಿಕೊಳ್ಳಲು ಕೂಡಿ ಕೊಳ್ಳುವುದು ತಪ್ಪಲ್ಲ. ಆದರೆ ಮೊದಲ ಮೂವರೂ ಫೋನ್ ಮಾರುಕಟ್ಟೆಯಲ್ಲಿ ಪರಸ್ಪರ ಪೈಪೋಟಿಗಿದ್ದವರು, ಮೂವರಿಗೂ ಆಂಡ್ರಾಯ್ಡ್ ಎದುರಾಳಿ. ಅನುಮಾನ ಪಡಲು ಇಷ್ಟು ಸಾಕು.

ಎರಡನೆಯದಾಗಿ, ಎಂಥ ಪೇಟೆಂಟ್ ಎಂದು ಕೇಳಿ. ಪೇಟೆಂಟ್ ಇದ್ದವರು ವಸ್ತುವನ್ನು ತಯಾರಿಸಲೇಬೇಕೆಂದಿಲ್ಲ, ಬೇರೆಯವರನ್ನು ತಡೆಯಬಹುದು. ಮೊಬೈಲ್ ಜಾಲಕ್ಕೆ ಸೇರಲು ಪ್ರತಿ ಫೋನ್‌ಗೂ ಅನಿವಾರ್ಯವಾದ ತಂತ್ರಜ್ಞಾನವಾದರೆ ಈ ಅಧಿಕಾರ ಇನ್ನಷ್ಟು ಅಪಾಯಕಾರಿ. ಅಂಥದ್ದನ್ನು ನ್ಯಾಯಯುತ ದರದಲ್ಲಿ ಎಲ್ಲರಿಗೂ ಕೊಡುವುದಾಗಿ ಹಳೆಯ ಒಡೆಯರು ಮಾತು ಕೊಟ್ಟಿರುತ್ತಾರೆ. ಹೊಸಬರು ಆ ಮಾತಿಗೆ ಬದ್ಧರೇ? ನಾರ್ಟೆಲ್ ವ್ಯವಹಾರದಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೆದಕಿದ್ದು ಇದನ್ನೇ. ಅನಿವಾರ್ಯ ಪೇಟೆಂಟ್‌ಗಳನ್ನು ಮುಂದಿಟ್ಟು ಮಾರಾಟಕ್ಕೆ ತಡೆಯಾಜ್ಞೆ ಕೋರುವುದಿಲ್ಲ ಎಂದು ಆಪಲ್, ಮೈಕ್ರೋಸಾಫ್ಟ್ ಹೇಳಿದ ಬಳಿಕ 2012ರ ಫೆಬ್ರುವರಿಯಲ್ಲಿ ಅದು ತನಿಖೆ ಮುಗಿಸಿತು. ಮೋಟೊರೊಲಾ ಮೊಬಿಲಿಟಿಯನ್ನು ಗೂಗಲ್ ಕೊಳ್ಳುವುದಕ್ಕೂ ಅಂದೇ ಒಪ್ಪಿಗೆ ಸಿಕ್ಕಿತು. ಆದರೆ ಈ ವಿಷಯದಲ್ಲಿ ಗೂಗಲ್ ಕೊಟ್ಟ ಮಾತು ಅಷ್ಟು ಸ್ಪಷ್ಟವಾಗಿಲ್ಲ ಎಂದು ಇಲಾಖೆ ಹೇಳಿತು. ಗೂಗಲ್ಲನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದು ಸರಿಯೇ.

ಆಮೇಲೆ ಷರತ್ತುಗಳನ್ನು ಹುಡುಕಿ. ಸಾಫ್ಟ್‌ವೇರ್ ಕಂಪನಿ ನೊವೆಲ್‌ನ 882 ಪೇಟೆಂಟ್‌ಗಳನ್ನು ಮೈಕ್ರೋಸಾಫ್ಟ್, ಆಪಲ್, ಒರಾಕಲ್, ಇಎಂಸಿ 45 ಕೋಟಿ ಡಾಲರ್‌ಗೆ ಕೊಳ್ಳಹೊರಟಾಗ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ ಲಿನಕ್ಸ್‌ಗೆ ಪೆಟ್ಟು ಬೀಳುವ ಭಯವಿತ್ತು. 2011ರ ಏಪ್ರಿಲ್‌ನಲ್ಲಿ ಇಲಾಖೆ ವ್ಯವಹಾರವನ್ನೇ ತಿದ್ದಿಸಿತು: ಮೈಕ್ರೋಸಾಫ್ಟ್ ತನ್ನ ಪಾಲಿನ ಪೇಟೆಂಟ್‌ಗಳನ್ನು ಮರಳಿ ಮಾರಿ, ಬರೀ ಪರವಾನಗಿ ಇಟ್ಟುಕೊಳ್ಳಬೇಕಾಯಿತು. ನನ್ನ ದೃಷ್ಟಿಯಲ್ಲಿ ಇದು ಗಟ್ಟಿ ಪರಿಹಾರ. ಬಾಯಿಮಾತಿನ ಭರವಸೆ ಇದಕ್ಕೆ ಸಮವಲ್ಲ.

ಕೊನೆಗೆ, ಒಪ್ಪಿಗೆ ಸಿಕ್ಕಿತೆಂದು ಸುದ್ದಿಯನ್ನು ಬಿಟ್ಟುಬಿಡಬೇಡಿ. ನಾರ್ಟೆಲ್ ಪೇಟೆಂಟ್‌ಗಳನ್ನು ಹಿಡಿದ, ಗೆದ್ದ ಒಕ್ಕೂಟದವರದೇ ಆದ ರಾಕ್‌ಸ್ಟಾರ್ ಸಂಸ್ಥೆ 2013ರ ಅಕ್ಟೋಬರ್‌ನಲ್ಲಿ ಗೂಗಲ್, ಸ್ಯಾಮ್‌ಸಂಗ್ ಮತ್ತಿತರರ ಮೇಲೆ ದಾವೆ ಹೂಡಿತು. 2014ರ ಡಿಸೆಂಬರ್‌ನಲ್ಲಿ ಅದರ ಸುಮಾರು 4,000 ಪೇಟೆಂಟ್‌ಗಳನ್ನು, ಸದಸ್ಯ ಕಂಪನಿಗಳನ್ನು ದಾವೆಗಳಿಂದ ಕಾಯಲು ಪೇಟೆಂಟ್ ಕೊಳ್ಳುವ ಆರ್‌ಪಿಎಕ್ಸ್ ಸಂಸ್ಥೆ 90 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿದ ಮೇಲೆಯೇ ಆ ಜಗಳ ತಣ್ಣಗಾದದ್ದು.