ನಾಲ್ಕನೇ ತರಗತಿಗೆ ನಾಯಿಕೆಮ್ಮಿನ ಪಾಠ

ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ನಾಯಿಕೆಮ್ಮಿನ ಬಗ್ಗೆ ಮೊದಲ ಸಲ ಹೇಳಿಕೊಟ್ಟಾಗ ನಾನೊಂದು ತಪ್ಪು ಮಾಡಿದ್ದೆ. ಬಿಟ್ಟೂಬಿಡದೆ ಕೆಮ್ಮಿ ಕೊನೆಗೆ ‘ಹೂಪ್’ ಎಂದು ಉಸಿರೆಳೆದುಕೊಳ್ಳುವುದೇ ಈ ರೋಗದ ಗುರುತು ಎಂದು ಹೇಳಿ, ಆ ಸದ್ದನ್ನು ಮಾಡಿಯೂ ತೋರಿಸಿದ್ದೆ. ಕೆಲವು ವಾರಗಳ ನಂತರ ಒಬ್ಬ ಹುಡುಗಿ ಬಂದು, “ಮಿಸ್, ನಮ್ಮ ಪಾಪುಗೆ ಕೆಮ್ಮು. ಆದ್ರೆ ಸದ್ದು ಬರ್ತಿಲ್ಲ, ಅದು ನಾಯಿಕೆಮ್ಮಲ್ಲ ಅಂತ ಅಮ್ಮಂಗೆ ಹೇಳಿದೀನಿ” ಎಂದಳು. ಎರಡು ತಿಂಗಳ ಆ ಕೂಸಿನ ತುಟಿ ನಡುನಡುವೆ ನೀಲಿಯಾಗುತ್ತದೆಂದು ಅವಳೇ ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಆಗಲೇ ಅವರ ಮನೆಗೆ ಹೋಗಿ, ತಾಯಿ-ಮಗುವನ್ನು ಆಸ್ಪತ್ರೆಗೆ ಕಳುಹಿಸಿದೆವು. ಕೂಸು ಉಳಿಯಿತು. ಎಳೆಯ ಶಿಶುಗಳಲ್ಲಿ ಆ ಸದ್ದು ಬಾರದೆಯೂ ಇರಬಹುದು, ಕೆಮ್ಮು ಕಾಣದೆ ಉಸಿರೇ ಕೆಲಕ್ಷಣ ನಿಂತುಹೋಗಬಹುದು ಎಂದು ವೈದ್ಯರಿಂದ ತಿಳಿದ ಮೇಲೆ ಇಡೀ ಪಾಠವನ್ನು ಹೊಸದಾಗಿ ಕಟ್ಟಿದೆ.

ಈಗ ನಾನು ಹೆಸರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಕೆಮ್ಮು ನಾಯಿಯಿಂದ ಬರುತ್ತದೆಂದು ಎಷ್ಟೋ ಮಕ್ಕಳು ನಂಬಿರುತ್ತಾರೆ. ಇದು ಮನುಷ್ಯರಿಂದ ಮನುಷ್ಯರಿಗೆ, ಕೆಮ್ಮು-ಸೀನಿನ ಹನಿಗಳ ಮೂಲಕ ಹರಡುತ್ತದೆ. ಕಾರಣವಾದ ಬ್ಯಾಕ್ಟೀರಿಯಾವನ್ನು 1906ರಲ್ಲಿ ಬೆಲ್ಜಿಯಂನ ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಜಾಂಗು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು ಎಂಬಷ್ಟನ್ನು ಹೇಳಿ ಮುಂದೆ ಸಾಗುತ್ತೇನೆ.

ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಬಲೂನು. ಊದಿದ ಬಲೂನಿನ ಬಾಯನ್ನು ಎರಡು ಬೆರಳುಗಳಿಂದ ಅಗಲಕ್ಕೆ ಎಳೆದು ಹಿಡಿದರೆ ಗಾಳಿ ಕೀರಲು ದನಿ ಮಾಡುತ್ತಾ ಹೊರಬರುತ್ತದೆ. ಸಡಿಲ ಬಿಟ್ಟರೆ ಆ ಕೀರಲು ನಿಲ್ಲುತ್ತದೆ. ಕೆಮ್ಮಿ ಕೆಮ್ಮಿ ಎದೆಯಲ್ಲಿ ಗಾಳಿ ಬರಿದಾದಾಗ, ಬಿಗಿದುಕೊಂಡ ಗಂಟಲಿನ ಕಿರಿದಾದ ದಾರಿಯಲ್ಲಿ ಗಾಳಿ ರಭಸದಿಂದ ಒಳನುಗ್ಗುವುದರಿಂದಲೇ ‘ಹೂಪ್’ ಸದ್ದು ಹುಟ್ಟುತ್ತದೆ ಎಂದು ವಿವರಿಸುತ್ತೇನೆ. ಬಳಿಕ, “ಎರಡು ತಿಂಗಳ ಪಾಪುಗೆ ಅಷ್ಟು ಜೋರಾಗಿ ಉಸಿರೆಳೆಯೋ ಶಕ್ತಿ ಇರುತ್ತಾ?” ಎಂದು ಕೇಳುತ್ತೇನೆ. ತರಗತಿ ತಾನಾಗಿ ಸುಮ್ಮನಾಗುತ್ತದೆ, ಉತ್ತರವೂ ಮಕ್ಕಳಿಂದಲೇ ಬರುತ್ತದೆ.

ಮೊದಲ ಒಂದೆರಡು ವಾರ ಇದು ಬರೀ ನೆಗಡಿಯಂತೆ ಕಾಣುತ್ತದೆ, ಆದರೆ ಬಹಳ ಹರಡುವುದೂ ಆಗಲೇ. ಆದ್ದರಿಂದ ಸದ್ದಿಗಾಗಿ ಕಾಯದೆ, ನೆಗಡಿ-ಕೆಮ್ಮು ಇರುವ ಯಾರೇ ಆಗಲಿ ಕೂಸನ್ನು ಎತ್ತಿಕೊಳ್ಳಬಾರದು, ಮುತ್ತಿಡಬಾರದು, ಮೊಣಕೈ ಮಡಚಿ ಅದರೊಳಗೆ ಕೆಮ್ಮಬೇಕು ಎಂಬ ಕಟ್ಟುಪಾಡನ್ನು ಮಕ್ಕಳು ಮನೆಗೆ ಒಯ್ಯುತ್ತಾರೆ. ಊರಿಗೆ ಕತ್ತೆ ಹಾಲು ಮಾರುವವರು ಬಂದಾಗ ಕೆಮ್ಮಿಗೆಂದು ಕೊಳ್ಳುವ ಅಜ್ಜಿಯರಿದ್ದಾರೆ; ಅವರ ಮಾತನ್ನು ಹಳಿಯುವುದು ನನಗೆ ಸರಿಯೆನಿಸದು. ಕೂಸಿಗೆ ಹಸಿ ಹಾಲು ಕುಡಿಸಬಾರದು, ನಾಯಿಕೆಮ್ಮಿಗೆ ವೈದ್ಯರು ಕೊಡುವ ಆ್ಯಂಟಿಬಯೋಟಿಕ್ ಇದೆ, ಅದನ್ನು ಬೇಗ ಶುರುಮಾಡಿದಷ್ಟೂ ಒಳ್ಳೆಯದು ಎಂದಷ್ಟೇ ಹೇಳುತ್ತೇನೆ.

ಎರಡನೇ ದಿನ ಎಲ್ಲರೂ ಮನೆಯಿಂದ, ಮಗುವಿನ ಲಸಿಕೆಗಳ ದಿನಾಂಕ ಬರೆದಿಡುವ ತಾಯಿ ಕಾರ್ಡ್ ತರಬೇಕು. ನಾಯಿಕೆಮ್ಮು ಸೇರಿ ಐದು ರೋಗಗಳನ್ನು ತಡೆಯುವ, ಹುಟ್ಟಿದ 6, 10 ಮತ್ತು 14ನೇ ವಾರಗಳ ಪೆಂಟಾವಲೆಂಟ್ ಲಸಿಕೆ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ 16ರಿಂದ 24 ತಿಂಗಳೊಳಗೆ ಮತ್ತೆ ಬಲ ತುಂಬುವ ಡಿಪಿಟಿ ಬೂಸ್ಟರ್, 5ರಿಂದ 6 ವರ್ಷದೊಳಗಿನ ಇನ್ನೊಂದು ಬೂಸ್ಟರ್, ಇವುಗಳ ಸಾಲುಗಳನ್ನು ಬೆರಳಿಟ್ಟು ಓದಿಸುತ್ತೇನೆ. ಮೊದಲ ಮೂರು ಸಾಲುಗಳಲ್ಲಿ ಸಾಮಾನ್ಯವಾಗಿ ದಿನಾಂಕ ಇರುತ್ತದೆ. ಖಾಲಿ ಉಳಿಯುವುದು ಕೊನೆಯದು. ಹಾಗಾಗಿ ಒಂದನೇ ತರಗತಿಯ ತಮ್ಮ-ತಂಗಿಯರ ಕಾರ್ಡನ್ನೂ ತರಿಸಿ, ಬಿಟ್ಟುಹೋದವರ ಪಟ್ಟಿಯನ್ನು ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ಕೊಡುತ್ತೇನೆ. ಹತ್ತು ವರ್ಷಕ್ಕೆ ಹಾಕುವ, ಧನುರ್ವಾಯು ಮತ್ತು ಗಂಟಲುಮಾರಿಯ ಟಿಡಿ ಲಸಿಕೆಯಲ್ಲಿ ನಾಯಿಕೆಮ್ಮಿನ ಅಂಶ ಇಲ್ಲದಿರುವುದರಿಂದ ಈ ಬೂಸ್ಟರ್ ತಪ್ಪಬಾರದು. ಲಸಿಕೆಯ ಬಲವೂ ವರ್ಷ ಕಳೆದಂತೆ ಕುಂದುತ್ತದೆ. ದೊಡ್ಡ ಮಕ್ಕಳಿಗೆ ಕೆಮ್ಮು ಹಗುರವಾಗಿ ಬಂದು ಹೋದರೂ, ಮನೆಯ ತೊಟ್ಟಿಲಿಗೆ ಅದು ಅವರಿಂದಲೇ ತಲುಪಬಹುದು.

ಈ ವರ್ಷ ಒಬ್ಬ ಹುಡುಗ, ತನ್ನ ಪುಟ್ಟ ತಮ್ಮ ಹುಟ್ಟಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಂದ ವಾರಗಳನ್ನು ಎಣಿಸುತ್ತಾ ನಮ್ಮೂರ ಅಂಗನವಾಡಿಯಲ್ಲಿ ಲಸಿಕೆ ಹಾಕುವ ಮೂರು ಗುರುವಾರಗಳ ಸುತ್ತ ಕೆಂಪು ಪೆನ್ನಿನಿಂದ ವೃತ್ತ ಎಳೆದಿದ್ದಾನೆ. ಎರಡು ವೃತ್ತಗಳ ಮೇಲೆ ಈಗಾಗಲೇ ಸರಿ ಗುರುತು ಬಿದ್ದಿದೆ.